ಗೃಹಸ್ಥಾಶ್ರಮದಲ್ಲಿ ಬಾಲಲೀಲೆ

ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸಗಳೆಂಬ ನಾಲ್ಕು ಆಶ್ರಮಗಳಲ್ಲಿ ಗೃಹಸ್ಥಾಶ್ರಮವೇ ಉಳಿದ ಮೂರಕ್ಕೂ ಆಧಾರವೆಂದು ಹಿರಿಯರು ಹೇಳಿರುವರು. ಸಕಲ ಜೀವಿಗಳೂ ಗಾಳಿಯನ್ನು ಆಶ್ರಯಿಸಿ ಬದುಕುವಂತೆ ಎಲ್ಲ ಆಶ್ರಮದವರೂ ಗೃಹಸ್ಥನನ್ನು ಆಶ್ರಯಿಸಿ ಬದುಕುವರೆಂಬುದು ಮನುಸ್ಮೃತಿಯ ಮೂರನೆಯ ಅಧ್ಯಾಯದ ಅಭಿಪ್ರಾಯ. ಈ ಮಾತನ್ನು ಕೇಳಿದ ಗೃಹಸ್ಥನಿಗೆ ಮೊದಲು ತೋರುವುದು ಹೊರೆಯೇ ಹೊರತು ಹಿಗ್ಗಲ್ಲ. ಬಾಡಿಗೆ, ಕಿರಾಣಿ, ಶಾಲೆಯ ಫೀ, ಔಷಧಿಯ ಖರ್ಚು, ಮದುವೆ-ಮುಂಜಿಗಳ ಸಾಲ, ಇವೇ ಅವನ ಕಣ್ಣ ಮುಂದೆ ನಿಲ್ಲುತ್ತವೆ. ಹೊರೆ ಇರುವುದು ನಿಜ. ಆದರೆ ಆ ಹೊರೆಯನ್ನು ಹೊತ್ತವನಿಗಾಗಿಯೇ ಭಗವಂತನು ಅದೇ ಮನೆಯ ಮೂಲೆಯಲ್ಲಿ ಒಂದು ತೊಟ್ಟಿಲನ್ನು ಕಟ್ಟಿಸಿ, ಅದರಲ್ಲಿ ಒಂದು ಕೂಸನ್ನು ಮಲಗಿಸಿ, ದಿನದ ಕೂಲಿಯನ್ನು ದಿನದಿನವೇ ಕೊಡುತ್ತಿರುವನು. ಆ ಕೂಲಿಯನ್ನು ಕೈಯೊಡ್ಡಿ ತೆಗೆದುಕೊಳ್ಳದೆ ಎದ್ದುಹೋಗುವವರೇ ಹೆಚ್ಚು.

ಒಂದು ದೇವಾಲಯದ ಜೀರ್ಣೋದ್ಧಾರವು ನಡೆದಾಗ ಊರವರೆಲ್ಲ ಸೇರಿ ಸಡಲಿದ ಕಲ್ಲನ್ನು ಕೂಡಿಸುತ್ತಾರೆ, ಬಿರುಕಿಗೆ ಗಾರೆ ತುಂಬುತ್ತಾರೆ, ಮಸಿ ಹಿಡಿದ ಗರ್ಭಗುಡಿಯನ್ನು ತೊಳೆದು ಬೆಳಕು ಬರುವಂತೆ ಮಾಡುತ್ತಾರೆ. ಗುಡಿಯ ಬಿರುಕು ಹೊರಗಿನವರಿಗೂ ಕಾಣುತ್ತದೆ. ಮನೆಯ ಬಿರುಕು ಮಾತ್ರ ಮನೆಯವರಿಗೂ ಕಾಣುವುದಿಲ್ಲ. ಆದುದರಿಂದ ಗುಡಿಯು ಹೊಸತಾಗುವ ಈ ಶುಭಸಂದರ್ಭದಲ್ಲಿ ಮನೆಯ ಒಳಗಿನ ಬಾಲಲೀಲೆಯನ್ನು ಕುರಿತು ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

ದಿನಚರಿ

ಸಾಂಗಲಿಗೆ ಹತ್ತಿಕೊಂಡು, ಬುಧಗಾಂವದ ಮಗ್ಗುಲಲ್ಲಿರುವ ಮಾಧವನಗರವು ಹತ್ತಿಗಿರಣಿಯಿಂದಲೂ ಮಗ್ಗಗಳಿಂದಲೂ ಹೆಸರಾದ ಊರು. ಜತ್ತ, ಅಥಣಿ, ವಿಜಯಪುರಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದು ಸಾಂಗಲಿ-ಮಿರಜ ಸೀಮೆಯಲ್ಲಿ ನೆಲೆ ನಿಂತ ಕನ್ನಡ ಮನೆಗಳು ಹಲವಿವೆ. ಅಂಥ ಒಂದು ಸಾಮಾನ್ಯ ಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬಹುದು. ಅಜ್ಜ, ಆಯಿ, ಮಗ, ಸೊಸೆ, ಎರಡು ಎಳೆಯ ಮಕ್ಕಳು. ಎರಡೇ ಖೋಲಿ, ಮುಂದೆ ಒಂದು ಅಂಗಳ.

ಬೆಳಗಾಗುತ್ತಲೇ ಆಯಿ ಮಣೆಯ ಮೇಲೆ ಕುಳಿತು ಕಾಲು ನೀಡಿ, ಮೊಣಕಾಲಿನ ಕೆಳಗೆ ಕೂಸನ್ನು ಬೋರಲು ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆಯುತ್ತಾಳೆ. ಕೂಸಿನ ಕೂಗು ಓಣಿಗೆಲ್ಲ ಕೇಳುತ್ತದೆ. ನೀರು ನಿಂತೊಡನೆ ಅಳುವೂ ನಿಲ್ಲುತ್ತದೆ. ಲೋಬಾನದ ಹೊಗೆ ಹಾಕಿ, ಹಣೆಗೂ ಕೆನ್ನೆಗೂ ಕಾಡಿಗೆಯ ಬೊಟ್ಟಿಟ್ಟು, ಕುಂಚಿಗೆ ಕಟ್ಟಿ, ಕೌದಿಯಲ್ಲಿ ಸುತ್ತಿ ಮಲಗಿಸಿದರೆ ಒಂದು ತಾಸು ಮನೆಯೆಲ್ಲ ಶಾಂತ. ಆ ಕೌದಿಯಾದರೂ ಏನು? ಆಯಿ ಉಟ್ಟು ಹಳತಾದ ಸೀರೆಗಳನ್ನೇ ಪದರ ಪದರವಾಗಿ ಜೋಡಿಸಿ ದಾರ ಹಾಕಿದ್ದು. ಮರಾಠಿಯವರು ಅದನ್ನು ಗೋಧಡಿ ಎನ್ನುವರು. ಹಿರಿಯ ಜೀವದ ಮೈಗೆ ಹತ್ತಿ ಮೆತ್ತಗಾದ ಬಟ್ಟೆಯೇ ಕಿರಿಯ ಜೀವಕ್ಕೆ ಹಾಸಿಗೆಯಾಗುತ್ತದೆ. ಅಂಗಡಿಯಲ್ಲಿ ಕೊಂಡ ಯಾವ ಹಾಸಿಗೆಗೂ ಈ ಮೆತುವು ಬರುವಂತಿಲ್ಲ.

ಒಲೆಯ ಮುಂದೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿರುವಾಗ ಮೂರು ವರ್ಷದ ಮಗಳು ಬಂದು ಕುಳಿತು ತನಗೂ ಹಿಟ್ಟು ಬೇಕೆನ್ನುತ್ತಾಳೆ. ನಿಂಬೆಹಣ್ಣಿನಷ್ಟು ಹಿಟ್ಟು ಅವಳ ಕೈಗೆ ಬರುತ್ತದೆ. ಅದು ದುಂಡಗೂ ಆಗುವುದಿಲ್ಲ, ತೆಳ್ಳಗೂ ಆಗುವುದಿಲ್ಲ. ಅಂಚು ಒಡೆದು ಕೃಷ್ಣೆಯ ದಂಡೆಯಂತೆ ಕಾಣುತ್ತದೆ. ಆದರೂ ಅವ್ವ ಅದನ್ನು ಹಂಚಿನ ಒಂದು ಬದಿಗೆ ಹಾಕಿ ಬೇಯಿಸಿ, ತುಪ್ಪ ಹಚ್ಚಿ ಅಪ್ಪನ ತಾಟಿಗೆ ಇಡುತ್ತಾಳೆ. ಅಪ್ಪನು ಕೆಲಸಕ್ಕೆ ಹೊರಡುವ ಅವಸರದಲ್ಲಿಯೂ ಮೊದಲು ಅದನ್ನೇ ಮುರಿದು ಬಾಯಿಗೆ ಹಾಕಿಕೊಂಡರೆ, ಆ ಮಗುವಿನ ಮುಖದ ಮೇಲೆ ಮೂಡುವ ಬೆಳಕಿಗೆ ಬೆಲೆ ಕಟ್ಟುವವರು ಯಾರು?

ಮಧ್ಯಾಹ್ನದ ಊಟವೆಂದರೆ ಒಂದು ಉತ್ಸವ. ಕಾಗೆಯ ಹೆಸರಿನಲ್ಲಿ ಒಂದು ತುತ್ತು, ಗುಬ್ಬಿಯ ಹೆಸರಿನಲ್ಲಿ ಒಂದು ತುತ್ತು, ದೂರದ ಊರಿನಲ್ಲಿರುವ ಸೋದರಮಾವನ ಹೆಸರಿನಲ್ಲಿ ಒಂದು ತುತ್ತು. ಹೀಗೆ ಜಗತ್ತಿನವರೆಲ್ಲ ಉಂಡು ತೇಗುವ ಹೊತ್ತಿಗೆ ಮಗುವಿನ ಹೊಟ್ಟೆಯೂ ತುಂಬಿರುತ್ತದೆ. ಸಂಜೆಯಾದರೆ ಅಜ್ಜನ ಬೆರಳು ಹಿಡಿದು ಗುಡಿಗೆ ಪಯಣ. ಕಾಲುಗಂಟೆಯ ದಾರಿಗೆ ಒಂದು ಗಂಟೆ ಹಿಡಿಯುತ್ತದೆ. ಏಕೆಂದರೆ ದಾರಿಯಲ್ಲಿ ಇರುವೆಯ ಸಾಲು ನೋಡಬೇಕು, ಆಕಳ ಕರುವನ್ನು ಮಾತಾಡಿಸಬೇಕು, ಮಿರಜಿನಿಂದ ಪುಣೆಯ ಕಡೆಗೆ ಹೋಗುವ ರೈಲಿನ ಸಿಳ್ಳು ಕೇಳಿದರೆ ನಿಂತು ಕೈ ಬೀಸಬೇಕು. ಗುಡಿಯನ್ನು ಮುಟ್ಟಿದ ಮೇಲೆ ಗಂಟೆಯನ್ನು ಬಾರಿಸಲು ಅಜ್ಜನೇ ಎತ್ತಿ ಹಿಡಿಯಬೇಕು. ಮಂಗಳಾರತಿಯಾಗಿ ಅಂಗೈಗೆ ಸಕ್ಕರೆ-ಕೊಬ್ಬರಿ ಬಿದ್ದ ಮೇಲೆ ಪ್ರಶ್ನೆಗಳು ಆರಂಭವಾಗುತ್ತವೆ.

“ಅಜ್ಜಾ, ದೇವರಿಗೆ ನಿದ್ದಿ ಬರೂದಿಲ್ಲೇನು?”

“ಎಲ್ಲಾರೂ ಮಲಗಿದ ಮ್ಯಾಲೆ ಅವಾ ಮಲಗ್ತಾನವ್ವಾ.”

“ಹಂಗಾರ ನಮ್ಮ ಅವ್ವನ್ಹಂಗ!”

ಇಂಥ ಉತ್ತರವನ್ನು ಯಾವ ಪ್ರವಚನಕಾರನೂ ಸಿದ್ಧಪಡಿಸಿಕೊಂಡು ಬಂದಿರಲಾರನು. ಎಲ್ಲರೂ ಮಲಗಿದ ಮೇಲೆ ಮಲಗುವವಳು, ಎಲ್ಲರೂ ಏಳುವ ಮೊದಲೇ ಏಳುವವಳು ತಾಯಿಯೆಂಬುದನ್ನು ಮಗುವು ಯಾರೂ ಹೇಳಿಕೊಡದೆ ಕಂಡುಕೊಂಡಿರುತ್ತದೆ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ತಾಯಿಯನ್ನೂ ತಂದೆಯನ್ನೂ ದೇವರೆಂದು ಭಾವಿಸುವಂತೆ ಗುರುವು ಶಿಷ್ಯನಿಗೆ ಉಪದೇಶಿಸುವನು. ಆ ಉಪದೇಶವು ವಿದ್ಯೆ ಮುಗಿಸಿ ಮನೆಗೆ ಹೊರಟ ಯುವಕನಿಗೆ ಕೊಟ್ಟದ್ದು. ಮೂರು ವರ್ಷದ ಕೂಸಿಗೆ ಅದರ ಅವಶ್ಯಕತೆಯಿಲ್ಲ.

ವರ್ಷದ ಸುತ್ತು

ದಿನಕ್ಕೊಂದು ಲೀಲೆಯಾದರೆ ವರ್ಷಕ್ಕೆ ಅದರದೇ ಆದ ಸುತ್ತು ಉಂಟು. ಈ ಸೀಮೆಯ ಮಕ್ಕಳ ಭಾಗ್ಯವು ಒಂದು ವಿಷಯದಲ್ಲಿ ಬಹಳ ದೊಡ್ಡದು. ಎರಡು ನಾಡುಗಳ ಹಬ್ಬಗಳು ಅವರ ಪಾಲಿಗೆ ಬಂದಿವೆ. ಜ್ಯೇಷ್ಠ ಹುಣ್ಣಿಮೆಯಂದು ಕಾರಹುಣ್ಣಿಮೆ. ಸಾಂಗಲಿ-ಕೊಲ್ಲಾಪುರಗಳ ಮರಾಠಿ ರೈತರೂ ಅದನ್ನು ‘ಕರ್ನಾಟಕಿ ಬೇಂದೂರ’ ಎಂದೇ ಕರೆದು ಎತ್ತುಗಳನ್ನು ಸಿಂಗರಿಸುವರು. ಆಷಾಢದಲ್ಲಿ ಮತ್ತೆ ಮಹಾರಾಷ್ಟ್ರದ ಬೇಂದೂರ ಬರುತ್ತದೆ. ಇವೆರಡರ ನಡುವೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಕ್ಕಳು ಕೆರೆಯ ಮಣ್ಣು ತಂದು ತಾವೇ ಎತ್ತು ಮಾಡಿ, ಜೋಳದ ಕಾಳಿನ ಕಣ್ಣು ಇಟ್ಟು ಪೂಜಿಸುವರು. ಮಗುವು ಮಾಡಿದ ಎತ್ತಿಗೆ ಕೆಲವೊಮ್ಮೆ ಕೋಡು ಒಂದೇ ಇರುತ್ತದೆ, ಕಾಲು ಐದು ಇರುತ್ತವೆ. ಪೂಜೆಗೆ ಅದರಿಂದ ಯಾವ ಬಾಧೆಯೂ ಇಲ್ಲ.

ನಾಗಪಂಚಮಿಗೆ ಜೋಕಾಲಿ, ಉಂಡಿ, ಅಳ್ಳು. ಸೂರ್ಯನು ಹಸ್ತ ನಕ್ಷತ್ರವನ್ನು ಪ್ರವೇಶಿಸಿದಾಗ ಹುಡುಗಿಯರ ಹಾದಗಾ. ನಡುವೆ ಮಣೆಯ ಮೇಲೆ ಆನೆಯ ಚಿತ್ರವಿಟ್ಟು, ಸುತ್ತಲೂ ಕೈಕೈ ಹಿಡಿದು ಹಾಡಿ, ಕೊನೆಗೆ ಮುಚ್ಚಿದ ಡಬ್ಬಿಯನ್ನು ಅಲುಗಾಡಿಸಿ ಅದರೊಳಗಿನ ಖಿರಾಪತಿ ಯಾವುದೆಂದು ಊಹಿಸುವುದು. ಊಹೆ ತಪ್ಪಿದಷ್ಟೂ ನಗೆ ಹೆಚ್ಚು. ದೀಪಾವಳಿ ಬಂದರೆ ಗಂಡುಹುಡುಗರು ಕಲ್ಲು-ಮಣ್ಣು ಕೂಡಿಸಿ ಅಂಗಳದಲ್ಲಿ ಕಿಲ್ಲೆಯನ್ನು ಕಟ್ಟಿ, ಅದರ ಇಳಿಜಾರಿಗೆ ಸಾಸಿವೆ ಚೆಲ್ಲಿ ಹಸಿರು ಮೂಡಿಸಿ, ನೆತ್ತಿಯ ಮೇಲೆ ಶಿವಾಜಿ ಮಹಾರಾಜರನ್ನು ಕುಳ್ಳಿರಿಸುವರು. ಸಂಕ್ರಾಂತಿಗೆ ಎಳೆಯ ಕೂಸಿಗೆ ಕರಿಯ ಅಂಗಿ ತೊಡಿಸಿ, ಕುಸುರೆಳ್ಳಿನ ಒಡವೆ ಹಾಕಿ, ಬಾರಿಹಣ್ಣು, ಕಬ್ಬಿನ ಚೂರು, ಚುರುಮುರಿಗಳನ್ನು ತಲೆಯ ಮೇಲೆ ಸುರಿಯುವರು. ಮರಾಠಿಯಲ್ಲಿ ಇದಕ್ಕೆ ಬೋರನ್ಹಾಣ ಎಂದು ಹೆಸರು. ಕೆಳಗೆ ಬಿದ್ದುದನ್ನು ಆಯ್ದುಕೊಳ್ಳಲು ಓಣಿಯ ಮಕ್ಕಳೆಲ್ಲ ಮುಗಿಬೀಳುವಾಗ, ನಡುವೆ ಕುಳಿತ ಕೂಸು ಇದೇನು ನಡೆದಿದೆಯೆಂದು ತಿಳಿಯದೆ ಕಣ್ಣು ಅಗಲಿಸಿ ನೋಡುತ್ತದೆ. ಈ ಎಲ್ಲ ಹಬ್ಬಗಳಿಗೆ ತಗಲುವ ಖರ್ಚು ಎಷ್ಟು? ಮಣ್ಣು, ಕಲ್ಲು, ಹಗ್ಗ, ಒಂದು ಹಿಡಿ ಸಾಸಿವೆ, ಒಂದು ಸೇರು ಚುರುಮುರಿ. ಸಂತೋಷಕ್ಕೆ ಹಣ ಬೇಕೆಂದು ವಾದಿಸುವವರು ಈ ಪಟ್ಟಿಯನ್ನು ಒಮ್ಮೆ ನೋಡತಕ್ಕದ್ದು.

ಎರಡು ನುಡಿಗಳ ಮಡಿಲು

ಈ ಮನೆಗಳ ಮಗುವಿಗೆ ಮಡಿಲಿನಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ. ಆರಂಭದಲ್ಲಿ ಅದರ ಬಾಯಲ್ಲಿ ಎರಡೂ ಕಲೆತು ಬರುತ್ತವೆ. ಇದರಿಂದ ತಾಯ್ತಂದೆಗಳು ಗಾಬರಿಗೊಳ್ಳುವ ಕಾರಣವಿಲ್ಲ. ಎರಡು ನುಡಿಗಳನ್ನು ಒಟ್ಟಿಗೆ ಕೇಳಿ ಬೆಳೆಯುವ ಮಕ್ಕಳು ಹೀಗೆ ಕಲೆಸಿ ಮಾತನಾಡುವುದು ಸಹಜವೆಂದೂ, ಕಾಲಕ್ರಮದಲ್ಲಿ ಅವರೇ ಬೇರ್ಪಡಿಸಿಕೊಳ್ಳುವರೆಂದೂ ಭಾಷಾಶಾಸ್ತ್ರಜ್ಞರು ಕಂಡುಕೊಂಡಿರುವರು. ವಾಸ್ತವವಾಗಿ ಈ ಎರಡು ನುಡಿಗಳೂ ದೊಡ್ಡವರ ಬಾಯಲ್ಲಿಯೇ ಎಂದೋ ಕಲೆತಿವೆ. ಅಣ್ಣ, ಅಕ್ಕ, ಅಪ್ಪ ಎಂಬ ಕರೆಗಳು ಮರಾಠಿ ಮನೆಯಲ್ಲಿಯೂ ಕೇಳಬರುತ್ತವೆ. ಕನ್ನಡದ ತುಪ್ಪವು ಅಲ್ಲಿ ತೂಪವಾಗಿದೆ. ಕನ್ನಡ ಮನೆಯಲ್ಲಿ ‘ಆಯಿ’ ಎಂದರೆ ಅಜ್ಜಿ, ನೆರೆಯ ಮರಾಠಿ ಮನೆಯಲ್ಲಿ ‘ಆಈ’ ಎಂದರೆ ತಾಯಿ. ಇಲ್ಲಿಯ ‘ತಾಯಿ’ ಹೆತ್ತವಳು, ಅಲ್ಲಿಯ ‘ತಾಈ’ ಅಕ್ಕ. ಈ ಗೊಂದಲವನ್ನು ಪಂಡಿತರು ಪುಟಗಟ್ಟಲೆ ಬರೆದು ಬಿಡಿಸಬೇಕು. ಮೂರು ವರ್ಷದ ಮಗು ಹೊಸ್ತಿಲನ್ನು ದಾಟುವಷ್ಟರಲ್ಲಿ ಬಿಡಿಸಿಕೊಂಡಿರುತ್ತದೆ. ಗುಡಿಯ ಮೆಟ್ಟಿಲನ್ನು ಏರುವಾಗ ಕನ್ನಡದಲ್ಲಿ ಎಣಿಸಿ, ಇಳಿಯುವಾಗ ಮರಾಠಿಯಲ್ಲಿ ಎಣಿಸಿ, ಎರಡೂ ಲೆಕ್ಕ ಸರಿಹೊಂದಿತೆಂದು ಚಪ್ಪಾಳೆ ತಟ್ಟುವ ಮಗುವನ್ನು ಕಂಡವರಿಗೆ ಗಡಿಯ ವಾದಗಳೆಲ್ಲ ಸ್ವಲ್ಪ ಸಣ್ಣವಾಗಿ ತೋರುವುವು.

ಕಥೆಗಳೂ ಹಾಗೆಯೇ ಹೊಸ್ತಿಲು ದಾಟುವವು. ಉತ್ತರ ಕನ್ನಡದ ಕಡೆಯಿಂದ ಬಂದ ಭಾಗವತ ಮೇಳದ ಆಟವನ್ನು ಕಂಡು ಮೆಚ್ಚಿದ ಸಾಂಗಲಿಯ ಅಧಿಪತಿ ಚಿಂತಾಮಣರಾವ ಪಟವರ್ಧನರು ವಿಷ್ಣುದಾಸ ಭಾವೆಯವರಿಂದ ೧೮೪೩ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು, ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದಲೇ ಎಣಿಸುವರು. ಆದರೆ ಇದಕ್ಕಿಂತ ಎಷ್ಟೋ ಹಿಂದಿನಿಂದ ಕಾಗೆ-ಗುಬ್ಬಿಗಳ ಕಥೆಯು ಎರಡೂ ನುಡಿಗಳ ತೊಟ್ಟಿಲ ಬಳಿಯಲ್ಲಿ ಹಾರಾಡಿಕೊಂಡಿದೆ. ಮಳೆಗೆ ಕಾಗೆಯ ಮನೆ ಕರಗಿತು, ಗುಬ್ಬಿಯ ಮನೆ ಉಳಿಯಿತು. ಕಾಗೆಯು ಬಂದು ಕದ ತಟ್ಟಿದರೆ ಗುಬ್ಬಿಯು ಒಳಗಿನಿಂದ, ತಡೆ, ಮರಿಗೆ ಎರೆಯುತ್ತಿದ್ದೇನೆ. ತಡೆ, ಮರಿಗೆ ಅಂಗಿ ತೊಡಿಸುತ್ತಿದ್ದೇನೆ ಎಂದು ಹೇಳುತ್ತ ಹೋಗುತ್ತದೆ. ಮಕ್ಕಳು ಈ ಕಥೆಗೆ ನಗುವರು. ದೊಡ್ಡವರು ಇದನ್ನು ಪಂಢರಪುರದ ಕಥೆಯೊಂದಿಗೆ ಹೋಲಿಸಿ ನೋಡಬೇಕು. ಅಲ್ಲಿಯೂ ಹೊರಗೆ ಒಬ್ಬನು ಬಂದು ನಿಂತಿದ್ದನು. ಒಳಗೆ ಪುಂಡಲೀಕನು ತಾಯ್ತಂದೆಗಳ ಸೇವೆಯಲ್ಲಿದ್ದನು. ಬಂದವನು ಸಾಕ್ಷಾತ್ ಭಗವಂತನಾದರೂ ಪುಂಡಲೀಕನು ಒಂದು ಇಟ್ಟಿಗೆಯನ್ನು ಎಸೆದು, ಅದರ ಮೇಲೆ ನಿಂತಿರು ಎಂದನು. ಭಗವಂತನು ಸಿಟ್ಟಾಗಲಿಲ್ಲ; ಟೊಂಕದ ಮೇಲೆ ಕೈಯಿಟ್ಟು ನಿಂತೇ ಬಿಟ್ಟನು. ಮನೆಯ ಸೇವೆ ನಡೆದಿರುವಾಗ ದೇವರೂ ಕಾಯುವನೆಂಬುದು ಇದರ ತಾತ್ಪರ್ಯ.

ಆ ವಿಠ್ಠಲನನ್ನು ಜ್ಞಾನೇಶ್ವರರು ‘ಕಾನಡಾ’ ಎಂದು ಕರೆದರು. ಜನಾಬಾಯಿಯು ಅವನನ್ನು ಮೈತುಂಬ ಮಕ್ಕಳನ್ನು ಹೊತ್ತು ನಡೆಯುವ ಗೃಹಸ್ಥನಂತೆ ಕಂಡಳು. ಕೈಲಾಸ-ವೈಕುಂಠಗಳ ವೈಭವವನ್ನು ಬಿಟ್ಟು ಸಂತರು ದೇವರಿಗೆ ಮಕ್ಕಳೊಂದಿಗನ ರೂಪವನ್ನು ಕೊಟ್ಟರೆಂದರೆ, ಆ ರೂಪವು ಎಷ್ಟು ಹಿರಿದಾಗಿರಬೇಡ!

ಕಲ್ಲಿನ ಹೆಸರು

ಹಿಂದಿನವರಿಗೆ ಈ ಸುಖವು ನಿರ್ಭಯವಾಗಿ ದೊರೆತದ್ದಲ್ಲವೆಂಬುದನ್ನು ಮರೆಯತಕ್ಕದ್ದಲ್ಲ. ಸಿಡುಬು, ಕಾಲರಾ, ಧನುರ್ವಾಯುಗಳಿಗೆ ಎಷ್ಟೋ ತೊಟ್ಟಿಲುಗಳು ಬರಿದಾದ ಕಾಲ ಅದು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಮಗು ಹುಟ್ಟಿದರೆ ತಾಯಿಯು ಅದನ್ನು ಮುದ್ದಿನ ಹೆಸರಿನಿಂದ ಕರೆಯಲು ಅಂಜುತ್ತಿದ್ದಳು. ಕನ್ನಡದವರು ಕಲ್ಲಪ್ಪನೆಂದೂ ಗುಂಡಪ್ಪನೆಂದೂ ಹೆಸರಿಟ್ಟರು. ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣನೆಂದು ಕರೆದರು. ಮರಾಠಿಯವರು ದಗಡೂ, ಧೋಂಡೂ ಎಂದರು. ಅವುಗಳ ಅರ್ಥವೂ ಕಲ್ಲೇ. ಇದು ಬರಿಯ ಕಲ್ಲು, ಇದನ್ನು ಒಯ್ದು ಏನು ಮಾಡುವಿ ಎಂದು ಯಮನಿಗೆ ಹೇಳಿ ಮಗುವನ್ನು ಬಚ್ಚಿಡುವ ಉಪಾಯ ಅದು. ಎರಡು ನುಡಿಗಳ ತಾಯಂದಿರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಉಪಾಯವನ್ನು ಹೂಡಿದರು. ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಗೆ ಹರಕೆ ಹೊತ್ತು ಬರಿಗಾಲಿನಲ್ಲಿ ನಡೆದ ತಾಯಂದಿರಲ್ಲಿಯೂ ಎರಡು ನುಡಿಗಳವರು ಇದ್ದರು, ಇಂದಿಗೂ ಇರುವರು.

ಕಾಲವು ಬದಲಾಯಿತು. ಡಾ. ವಾನ್ಲೆಸ್ ಅವರು ೧೮೯೪ರಲ್ಲಿ ಮಿರಜಿನಲ್ಲಿ ಸ್ಥಾಪಿಸಿದ ಆಸ್ಪತ್ರೆಯಂಥವು ಈ ಸೀಮೆಗೆ ಹೊಸ ವೈದ್ಯವನ್ನು ತಂದವು. ಸಿಡುಬು ಜಗತ್ತಿನಿಂದಲೇ ಅಳಿದುಹೋಯಿತೆಂದು ೧೯೮೦ರಲ್ಲಿ ಸಾರಲಾಯಿತು. ೨೦೧೪ರ ಮಾರ್ಚ್ ತಿಂಗಳಲ್ಲಿ ಭಾರತವು ಪೋಲಿಯೋದಿಂದ ಮುಕ್ತವಾಯಿತೆಂಬ ಪ್ರಮಾಣಪತ್ರ ದೊರೆಯಿತು. ಇಂದು ಕೂಸಿಗೆ ಕಲ್ಲಿನ ಹೆಸರಿಡುವ ಕಾರಣ ಬಹಳ ಮಟ್ಟಿಗೆ ಕಳೆದಿದೆ. ಹಿರಿಯರು ಯಮನ ಕೈಯಿಂದ ಕಸಿದುಕೊಂಡು ಅನುಭವಿಸಿದ ಸುಖವು ಇಂದಿನವರಿಗೆ ಅಂಜಿಕೆಯಿಲ್ಲದೆ ದೊರೆತಿದೆ. ದೊರೆತುದನ್ನು ಅನುಭವಿಸುತ್ತಿರುವರೇ ಎಂಬುದೇ ಪ್ರಶ್ನೆ. ಮಗುವು ಮನೆಯಲ್ಲಿ ಸುರಕ್ಷಿತವಾಗಿದೆ. ಅದರ ಬಾಲ್ಯ ಮಾತ್ರ ಯಾರೂ ನೋಡದೆ ಕಳೆದುಹೋಗುತ್ತಿದೆ.

ದೇವಕಿಯೂ ಯಶೋದೆಯೂ

ಭಾಗವತದ ದಶಮಸ್ಕಂಧವು ಈ ವಿಷಯದಲ್ಲಿ ಒಂದು ದೊಡ್ಡ ಪಾಠವನ್ನು ಹೇಳುತ್ತದೆ. ಕೃಷ್ಣನನ್ನು ಹೆತ್ತವಳು ದೇವಕಿ. ಆದರೆ ಅವನು ಅಂಬೆಗಾಲಿಕ್ಕಿದುದನ್ನು ಅವಳು ಕಾಣಲಿಲ್ಲ. ಬೆಣ್ಣೆ ಕದ್ದುದನ್ನು ಕಾಣಲಿಲ್ಲ. ಮಣ್ಣು ತಿಂದ ಬಾಯನ್ನು ತೆರೆಸಿ ನೋಡುವ ಭಾಗ್ಯವು ಅವಳಿಗೆ ಬರಲಿಲ್ಲ. ಬ್ರಹ್ಮಾಂಡವು ಕಂಡದ್ದು ಯಶೋದೆಗೆ. ಏಕೆಂದರೆ ಬಾಯಿ ತೆರೆಯೆಂದು ಹೇಳಿ ಬಗ್ಗಿ ನೋಡಿದವಳು ಅವಳು. ಅವನನ್ನು ಒರಳಿಗೆ ಕಟ್ಟಲು ಹೋದರೆ ಹಗ್ಗವು ಪ್ರತಿ ಸಲವೂ ಎರಡು ಅಂಗುಲ ಗಿಡ್ಡವಾಗುತ್ತಿತ್ತು. ಅವಳು ಬೆವತು ದಣಿದುದನ್ನು ಕಂಡು ಮಗುವೇ ಕರಗಿ ಕಟ್ಟಿಸಿಕೊಂಡನು. ಹಟಮಾರಿ ಮಗುವಿಗೆ ಅಂಗಿ ತೊಡಿಸಲು ಹೋಗಿ ಸೋತ ಪ್ರತಿಯೊಬ್ಬ ತಾಯಿಗೂ ಆ ಎರಡು ಅಂಗುಲದ ಪರಿಚಯ ಉಂಟು. ಪುರಂದರದಾಸರು ಪಂಡಿತರ ಕೃಷ್ಣನಿಗಿಂತ ಯಶೋದೆಯ ಅಂಗಳದ ಕೃಷ್ಣನನ್ನು ಮೆಚ್ಚಿ ಅಷ್ಟೊಂದು ಹಾಡಿದುದರ ಮರ್ಮವೂ ಇದೇ ಇರಬೇಕು.

ಹೆತ್ತ ಮಾತ್ರಕ್ಕೆ ಬಾಲಲೀಲೆ ದೊರೆಯುವುದಿಲ್ಲ, ಬಳಿಯಲ್ಲಿದ್ದವರಿಗೆ ಅದು ದೊರೆಯುತ್ತದೆ ಎಂಬುದು ಇಲ್ಲಿಯ ಪಾಠ. ಇದರಲ್ಲಿ ಮಕ್ಕಳಿಲ್ಲದವರಿಗೂ ಒಂದು ಸಮಾಧಾನವಿದೆ. ನೆರೆಮನೆಯ ಮಗುವಿಗೆ ಕಥೆ ಹೇಳುವ ಕಾಕು, ಗುಡಿಯ ಕಟ್ಟೆಯ ಮೇಲೆ ಹುಡುಗರಿಗೆ ಬಗರಿ ಆಡಿಸಲು ಕಲಿಸುವ ಅಜ್ಜ, ಇವರೆಲ್ಲರೂ ಯಶೋದೆಯ ಪಂಕ್ತಿಯವರೇ. ಅದರಂತೆಯೇ ತಾಯ್ತಂದೆಗಳಿಗೆ ಇದರಲ್ಲಿ ಒಂದು ಎಚ್ಚರಿಕೆಯೂ ಇದೆ. ದೇವಕಿಯನ್ನು ಸೆರೆಯಲ್ಲಿಟ್ಟವನು ಕಂಸ. ಅವಳ ಪಾಲಿಗೆ ಬೇರೆ ದಾರಿಯಿರಲಿಲ್ಲ. ಮನೆಯಲ್ಲಿಯೇ ಕುಳಿತು, ಮಗುವು ಮೊಣಕಾಲಿಗೆ ತೆಕ್ಕೆಬಿದ್ದು ಕರೆಯುತ್ತಿರುವಾಗಲೂ ಕೈಯೊಳಗಿನ ಮೊಬೈಲಿನಿಂದ ಕಣ್ಣೆತ್ತದ ತಂದೆಯನ್ನು ಸೆರೆಯಲ್ಲಿಟ್ಟವರು ಯಾರು? ಪಾಳಿಯ ಕೆಲಸ, ಸಾಲದ ಕಂತು, ಪ್ರಯಾಣಗಳ ಮುಂದೆ ಬಡ ಗೃಹಸ್ಥನು ಅಸಹಾಯನೆಂಬುದು ನಿಜ. ಆದರೆ ಉಳಿದ ಅರ್ಧ ಗಂಟೆಯಾದರೂ ಅವನ ಕೈಯಲ್ಲಿಯೇ ಇರುವುದು.

ಸಾನೆ ಗುರೂಜಿಯವರು ನಾಸಿಕದ ಸೆರೆಮನೆಯಲ್ಲಿ ಬರೆದು ೧೯೩೫ರಲ್ಲಿ ಹೊರಬಂದ ‘ಶ್ಯಾಮಚೀ ಆಈ’ ಎಂಬ ಪುಸ್ತಕವು ಈ ಸೀಮೆಯ ಮನೆಮನೆಗೂ ಪರಿಚಿತವಾದುದು. ಅಂಗಾಲಿಗೆ ಮಣ್ಣು ಹತ್ತದಂತೆ ಜಾಗರೂಕನಾಗುವ ಬಾಲಕನಿಗೆ, ಮನಸ್ಸಿಗೂ ಹಾಗೆಯೇ ಕೊಳೆ ಹತ್ತದಂತೆ ನೋಡಿಕೊ ಎಂದು ತಾಯಿಯು ಬುದ್ಧಿ ಹೇಳುವ ಸಂದರ್ಭವು ಅದರಲ್ಲಿದೆ. ಆ ಮಾತು ಸ್ನಾನದ ಹೊತ್ತಿನಲ್ಲಿ ಬಂದದ್ದು. ಆ ತಾಯಿಯು ಮಗನನ್ನು ಕೂಡಿಸಿಕೊಂಡು ನೀತಿಪಾಠವನ್ನು ಮಾಡಲಿಲ್ಲ. ಮೈ ಒರೆಸುತ್ತ ಮಾತಾಡಿದಳು. ಒಬ್ಬ ಮಗನು ಸೆರೆಮನೆಯಲ್ಲಿ ಕುಳಿತು ನೆನೆದು ಪುಸ್ತಕ ಬರೆಯುವಷ್ಟು ದೊಡ್ಡ ಆಸ್ತಿಯು ಬಚ್ಚಲಿನ ಕಲ್ಲಿನ ಮೇಲೆ ಕೈಬದಲಾಯಿಸಿತು.

ಲೆಕ್ಕ

ಹುಟ್ಟಿದಂದಿನಿಂದ ಶಾಲೆಯ ಒಂದನೆಯ ಇಯತ್ತೆಗೆ ಹೋಗುವವರೆಗೆ ಆರು ವರ್ಷಗಳೆಂದು ಹಿಡಿದರೆ ಒಟ್ಟು ೨,೧೯೦ ದಿನಗಳಾಗುವುವು. ಪ್ರತಿದಿನ ಒಂದು ಗಂಟೆಯನ್ನು ಮಗುವಿಗೆಂದೇ ಕೊಟ್ಟರೆ ೨,೧೯೦ ಗಂಟೆ. ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಬರುವುದು ತೊಂಬತ್ತೊಂದು ದಿನಗಳು ಮತ್ತು ಆರು ಗಂಟೆ. ಎಂದರೆ, ದಿನಕ್ಕೊಂದು ಗಂಟೆಯನ್ನು ತಪ್ಪದೆ ಕೊಟ್ಟ ನಿಷ್ಠಾವಂತ ತಂದೆಗೂ ತನ್ನ ಮಗುವಿನ ಎಳೆತನದಲ್ಲಿ ಮೂರು ತಿಂಗಳು ಮಾತ್ರ ದೊರೆಯುತ್ತದೆ. ಅರ್ಧ ಗಂಟೆ ಕೊಟ್ಟವನಿಗೆ ಒಂದೂವರೆ ತಿಂಗಳು. ಅದನ್ನೂ ಕೊಡದವನ ಕೀರ್ದಿಯಲ್ಲಿ ಆ ಪುಟವೇ ಖಾಲಿ.

ಹಣದ ಲೆಕ್ಕದಲ್ಲಿ ಇಂದು ಉಳಿದುದು ನಾಳೆಗೆ ಆರಂಭ ಶಿಲ್ಕಾಗಿ ಬರುತ್ತದೆ. ಮಕ್ಕಳ ಸುಖದ ಲೆಕ್ಕದಲ್ಲಿ ಆ ಪದ್ಧತಿಯಿಲ್ಲ. ಇಂದಿನದು ಇಂದೇ ಜಮಾ, ಇಂದೇ ಖರ್ಚು. ಇಂದು ತೊದಲಿದ ಮಾತು ನಾಳೆ ಸ್ಪಷ್ಟವಾಗಿರುತ್ತದೆ; ಇಂದು ಎತ್ತಿಕೊಳ್ಳೆಂದು ತೋಳು ಚಾಚಿದ್ದು ಮುಂದಿನ ವರ್ಷ ಬೆರಳನ್ನೂ ಬಿಡಿಸಿಕೊಂಡು ಓಡುತ್ತದೆ. ಮುಂದೆ ಬಿಡುವಾದಾಗ ಮಕ್ಕಳನ್ನು ಆಡಿಸುವೆನೆಂದು ಹೇಳುವವನಿಗೆ ಬಿಡುವು ಬರುವ ಹೊತ್ತಿಗೆ, ಆಡುವ ಮಗು ಅಲ್ಲಿರುವುದಿಲ್ಲ. ಅದೇ ಹೆಸರಿನ ಒಬ್ಬ ತರುಣನು ಇರುತ್ತಾನೆ. ಪುಂಡಲೀಕನಿಗಾಗಿ ದೇವರು ಕಾದನು. ಕೂಸು ಕಾಯದು.

ಆಚರಣೆಗೆ ಕೆಲವು ಮಾತುಗಳು

ವಿಚಾರವು ಆಚರಣೆಗೆ ಬರದಿದ್ದರೆ ವ್ಯರ್ಥ. ಆದಕಾರಣ ಯಾವ ಮನೆಯಲ್ಲಿಯೂ ಖರ್ಚಿಲ್ಲದೆ ಮಾಡಬಹುದಾದ ಕೆಲವನ್ನು ಇಲ್ಲಿ ಸೂಚಿಸಲಾಗಿದೆ.

ಒಂದನೆಯದು, ದಿನಕ್ಕೆ ಒಂದು ಹೊತ್ತಾದರೂ ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣತಕ್ಕದ್ದು. ಆ ಹೊತ್ತಿನಲ್ಲಿ ಮಗುವಿನ ಮುಂದೆ ಮೊಬೈಲನ್ನು ಹಿಡಿದು ತುತ್ತು ತುರು­ಕುವುದನ್ನು ಬಿಡಬೇಕು. ಎರಡು ವರ್ಷ ತುಂಬದ ಕೂಸಿಗೆ ಚಿತ್ರದ ಪರದೆಯು ಬೇಡವೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದೂ, ಅದರ ಬದಲಿಗೆ ಕಥೆ ಹೇಳುವುದೂ ಓದುವುದೂ ಒಳಿತೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ತಿಳಿಸಿದೆ. ಕಾಗೆ-ಗುಬ್ಬಿಗಳ ಹೆಸರಿನಲ್ಲಿ ತುತ್ತು ಕೊಟ್ಟ ಅಜ್ಜಿಯು ಇದನ್ನು ಓದದೆಯೇ ನಡೆಸಿದ್ದಳು.

ಎರಡನೆಯದು, ಮಡಿಲಿನ ಭಾಷೆಯನ್ನು ಮಡಿಲಿನಲ್ಲಿಯೇ ಕೊಡಬೇಕು. ನವಜಾತ ಶಿಶುವು ಹುಟ್ಟಿದ ಮೂರೇ ದಿನಗಳೊಳಗೆ ತನ್ನ ತಾಯಿಯ ಧ್ವನಿಯನ್ನು ಉಳಿದ ಹೆಂಗಸರ ಧ್ವನಿಯಿಂದ ಬೇರೆಯಾಗಿ ಗುರುತಿಸುವುದೆಂದು ಅಮೇರಿಕೆಯ ಇಬ್ಬರು ಸಂಶೋಧಕರು ೧೯೮೦ರಲ್ಲಿ ತೋರಿಸಿಕೊಟ್ಟರು. ಕಾಳಿದಾಸನು ಇದನ್ನು ಎಂದೋ ಕಂಡಿದ್ದನು. ಶಾಕುಂತಲದ ಏಳನೆಯ ಅಂಕದಲ್ಲಿ ತಾಪಸಿಯು ಮಣ್ಣಿನ ನವಿಲನ್ನು ತೋರಿಸಿ ಹಕ್ಕಿಯ ಚೆಲುವನ್ನು ಹೊಗಳಿದರೆ, ಆ ಶಬ್ದದಲ್ಲಿ ಬಾಲಕನ ಕಿವಿಗೆ ಕೇಳಿಸುವುದು ತಾಯಿಯ ಹೆಸರು. ಶಾಲೆಯ ಮರಾಠಿಯನ್ನಾಗಲಿ ಇಂಗ್ಲಿಷನ್ನಾಗಲಿ ಮಗು ಮುಂದೆ ಕಲಿತೇ ಕಲಿಯುತ್ತದೆ. ಅದಕ್ಕೆ ಗುರುಗಳಿರುವರು, ಪುಸ್ತಕಗಳಿರುವುವು. ಮನೆಯ ಕನ್ನಡಕ್ಕೆ ಮನೆಯವರನ್ನು ಬಿಟ್ಟರೆ ಮಾಧವನಗರದಲ್ಲಿ ಬೇರೆ ಗುರುವಿಲ್ಲ. ಅಜ್ಜ-ಆಯಿಯರು ಸಂಕೋಚದಿಂದ ಮೊಮ್ಮಕ್ಕಳೊಂದಿಗೆ ಮುರುಕು ಮರಾಠಿಯಲ್ಲಿ ಮಾತಾಡತೊಡಗಿದ ಮನೆಯಲ್ಲಿ ಒಂದು ತಲೆಮಾರಿನೊಳಗೆ ಜೋಗುಳವು ಮೂಕವಾಗುತ್ತದೆ. ಮುಂದೆ ಆ ಮೊಮ್ಮಗನಿಗೆ ಅಜ್ಜನ ಕಾಗದವನ್ನು ಓದಲು ಬೇರೆಯವರು ಬೇಕಾಗುತ್ತದೆ.

ಮೂರನೆಯದು, ಮಕ್ಕಳ ಕೈಗೆ ಮನೆಯ ಕೆಲಸದ ಒಂದು ಚೂರನ್ನು ಕೊಡಬೇಕು. ಹೂ ಬಿಡಿಸುವುದು, ತುಳಸಿಗೆ ನೀರು ಹಾಕುವುದು, ದೇವರ ಮುಂದೆ ರಂಗೋಲಿಯ ಒಂದು ಎಳೆಯನ್ನು ಎಳೆಯುವುದು. ಕೆಲಸವು ಕೆಡುತ್ತದೆ, ಕೆಡಲಿ. ಚೆಲ್ಲಿದ ನೀರು ಆರುತ್ತದೆ, ಗದರಿಸಿದ ಮಾತು ಬಹುಕಾಲ ಆರುವುದಿಲ್ಲ.

ನಾಲ್ಕನೆಯದು, ಒಬ್ಬರ ಮಗುವನ್ನು ಮತ್ತೊಬ್ಬರ ಮಗುವಿನೊಂದಿಗೆ ತೂಗಿ ನೋಡಬಾರದು. ಒಂದು ಕೂಸು ಹತ್ತು ತಿಂಗಳಿಗೆ ಹೆಜ್ಜೆಯಿಡುತ್ತದೆ, ಮತ್ತೊಂದು ಹದಿನಾಲ್ಕಕ್ಕೆ. ಆದರೆ ತಡವು ಬಹಳವಾಗಿ ಕಂಡರೆ ಹರಕೆಯೊಂದಿಗೆ ವೈದ್ಯರ ಸಲಹೆಯನ್ನೂ ಪಡೆಯತಕ್ಕದ್ದು.

ಐದನೆಯದು, ಬಾಲಲೀಲೆಯನ್ನು ಹೆಂಗಸರ ಪಾಲಿನ ಕೆಲಸವೆಂದು ಗಂಡಸರು ತಿಳಿಯಬಾರದು. ಎಲ್ಲರೂ ಮಲಗಿದ ಮೇಲೆ ಮಲಗುವವಳಿಗೆ ವಾರಕ್ಕೆ ಎರಡು ರಾತ್ರಿಯಾದರೂ ಎಲ್ಲರಿಗಿಂತ ಮೊದಲು ಮಲಗುವ ಅವಕಾಶವನ್ನು ಮಾಡಿಕೊಟ್ಟು, ತೊಟ್ಟಿಲನ್ನು ತಂದೆಯು ತೂಗಬೇಕು. ಮಗುವಿನ ಮುಷ್ಟಿಯು ನಿದ್ದೆಯಲ್ಲಿ ತನ್ನ ಬೆರಳನ್ನು ಬಿಗಿಯಾಗಿ ಹಿಡಿದು, ಮೆಲ್ಲಗೆ ಸಡಲಿಸುವುದನ್ನು ಅವನೂ ಒಮ್ಮೆ ಅನುಭವಿಸತಕ್ಕದ್ದು.

ಮುಕ್ತಾಯ

೨೦೧೯ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯು ಉಕ್ಕಿ ಸಾಂಗಲಿಯ ಓಣಿಗಳಲ್ಲಿ ನೀರು ನಿಂತಾಗ ಮನೆ ಬಿಟ್ಟು ಹೊರಟ ಜನರು ಸಾಮಾನನ್ನು ಬಿಟ್ಟರು, ಸರಕನ್ನು ಬಿಟ್ಟರು; ಕೂಸನ್ನು ಎದೆಗೆ ಅವಚಿಕೊಂಡು ನಡೆದರು. ಮನೆಯೊಳಗಿನ ವಸ್ತುಗಳಲ್ಲಿ ಯಾವುದು ಮೊದಲನೆಯದೆಂಬ ಪ್ರಶ್ನೆಗೆ ಅಂದು ಯಾರೂ ವಿಚಾರ ಮಾಡಬೇಕಾಗಲಿಲ್ಲ. ಹೊಳೆಯು ಬಂದಾಗ ತಿಳಿಯುವ ಈ ಮಾತು, ಹೊಳೆಯಿಲ್ಲದ ದಿನಗಳಲ್ಲಿಯೂ ನೆನಪಿನಲ್ಲಿದ್ದರೆ ಅದೇ ಗೃಹಸ್ಥಧರ್ಮದ ಸಾರ.

ಜೀರ್ಣೋದ್ಧಾರವಾದ ಗುಡಿಯ ಹೊಸ ಮೆಟ್ಟಿಲುಗಳನ್ನು ಇಂದು ಅಜ್ಜನ ಬೆರಳು ಹಿಡಿದು ಏರುವ ಮಗುವೇ ಮುಂದೊಂದು ದಿನ ಈ ಗುಡಿಗೆ ಮತ್ತೆ ಗಾರೆ ಹಾಕಿಸಬೇಕಾದುದು. ಅಂದು ಅದಕ್ಕೆ ಗುಡಿಯ ಮೇಲೆ ಪ್ರೀತಿ ಹುಟ್ಟುವುದು ಕಲ್ಲಿನ ಕೆತ್ತನೆಯಿಂದಲ್ಲ, ಗಂಟೆ ಬಾರಿಸಲು ತನ್ನನ್ನು ಎತ್ತಿ ಹಿಡಿದ ತೋಳುಗಳ ನೆನಪಿನಿಂದ. ಆ ತೋಳುಗಳಿಗೆ ಬಲವನ್ನೂ, ಆ ಗಂಟೆಗೆ ನಾದವನ್ನೂ, ಪ್ರತಿಯೊಂದು ಮನೆಯ ತೊಟ್ಟಿಲಿಗೆ ತೂಗುವ ಕೈಯನ್ನೂ ಪರಮಾತ್ಮನು ಕರುಣಿಸಲಿ. ಸರ್ವರಿಗೂ ಮಂಗಳವಾಗಲಿ.